ಶಟರ್ ಯಾರ ಕೈಯಲ್ಲಿ?

(ಮೈಸೂರಿನ ಸಣ್ಣ ಓದುಗರ ಗುಂಪೊಂದರ ಮುಂದೆ ಆಡಿದ ಮಾತಿನ ಬರಹ ರೂಪ. ಬಾಯಿಮಾತಿನಲ್ಲಿ ತಪ್ಪಿಹೋಗಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1979ರ ಏಪ್ರಿಲ್ 23, ಸೋಮವಾರ. ಲಂಡನ್ನಿನ ಪಶ್ಚಿಮಕ್ಕಿರುವ ಸೌತ್‌ಹಾಲ್, ಪಂಜಾಬಿಗಳು ಜಾಸ್ತಿ ಇರುವ ಪೇಟೆ. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿನ ಅಂಗಡಿಗಳು ಬಾಗಿಲು ಹಾಕಿದವು. ಯಾರೂ ಕಲ್ಲು ಹೊಡೆದಿರಲಿಲ್ಲ. ಆ ಸಂಜೆ ಅಲ್ಲಿನ ಟೌನ್ ಹಾಲಿನಲ್ಲಿ ನ್ಯಾಷನಲ್ ಫ್ರಂಟ್ ಪಕ್ಷದ ಚುನಾವಣಾ ಸಭೆ ಇತ್ತು. ಕಪ್ಪು, ಕಂದು ಬಣ್ಣದವರನ್ನೆಲ್ಲ ಬ್ರಿಟನ್ನಿನಿಂದ ಹೊರಗೆ ಹಾಕಬೇಕು ಅನ್ನುತ್ತಿದ್ದ ಪಕ್ಷ ಅದು. ನಮ್ಮ ಪೇಟೆಗೇ ಬಂದು ನಮ್ಮನ್ನು ಓಡಿಸುವ ಮಾತಾಡುತ್ತೀರಾ, ಹಾಗಾದರೆ ಇವತ್ತು ಇಲ್ಲಿ ವ್ಯಾಪಾರ ಇಲ್ಲ ಅಂತ ಅಂಗಡಿಯವರು ತಾವೇ ಮುಚ್ಚಿದರು. ಕಾರ್ಖಾನೆ ಕೆಲಸಗಾರರೂ ಹೊರಗೆ ಬಂದರು.

ಇನ್ನೊಂದು ದಿನ. 2024ರ ಆಗಸ್ಟ್ 7, ಬುಧವಾರ. ಲಂಡನ್ನಿನ ಈಶಾನ್ಯಕ್ಕಿರುವ ವಾಲ್ತಮ್‌ಸ್ಟೋ. ಅಲ್ಲೂ ಹೊತ್ತು ಇಳಿಯುವ ಮೊದಲೇ ಅಂಗಡಿಗಳು ಮುಚ್ಚಿದವು. ಕೆಲವರು ಪ್ಲೈವುಡ್ ಹಲಗೆ ತರಿಸಿ ಗಾಜಿನ ಮೇಲೆ ಹೊಡೆಸಿದರು. ವಲಸಿಗರ ಮೇಲೆ ದಾಳಿ ಮಾಡುವವರು ಇವತ್ತು ರಾತ್ರಿ ಬರುತ್ತಾರಂತೆ ಅನ್ನುವ ಸುದ್ದಿ ಫೋನಿನಿಂದ ಫೋನಿಗೆ ಓಡಿತ್ತು.

ಎರಡೂ ಬಂದೇ. ಬಂದ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮೂರಿನಲ್ಲೂ ಮನಸ್ಸಿನಿಂದ ಮುಚ್ಚುವವರಿದ್ದಾರೆ. ಕಲ್ಲು ಬೀಳುತ್ತೆ, ಯಾಕೆ ಬೇಕು ಅಂತ ಅರ್ಧ ಶಟರ್ ಎಳೆದು ಒಳಗೆ ಕೂರುವವರೂ ಇದ್ದಾರೆ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಅಂಗಡಿಯವನಿಗೆ ಗೊತ್ತು. ಇವತ್ತು ನಾನು ಹೇಳಬೇಕು ಅಂತಿರುವುದು ಇಷ್ಟೇ: ವಲಸೆ ಬಂದವರ ಅಂಗಡಿಗೆ ಕಲ್ಲು ಹೊಡೆಯುವವರಿಗೆ ಬೇಕಾಗಿರುವುದು ಗಾಜು ಒಡೆಯುವುದಲ್ಲ, ಶಟರ್ ಎಳೆಸುವುದು. ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದನ್ನು ಅವರೇ ತೀರ್ಮಾನ ಮಾಡುವುದು. ಜನ ಇದಕ್ಕೆ ಏನು ಮಾಡಿದರು ಅಂತ ನೋಡುವಾಗ ನಾನು ಇದೊಂದನ್ನೇ ಕೇಳುತ್ತೇನೆ. ಕೊನೆಗೆ ಶಟರ್ ಯಾರ ಕೈಯಲ್ಲಿ ಉಳಿಯಿತು?

ಮೊದಲಿಗೆ, ಅಂಗಡಿಯೇ ಯಾಕೆ?

1972ರ ಆಗಸ್ಟ್‌ನಲ್ಲಿ ಉಗಾಂಡಾದ ಇದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ 90 ದಿನ ಗಡುವು ಕೊಟ್ಟು ಹೊರಡಿ ಅಂದ. ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಅದಕ್ಕೂ ಮೊದಲು ಕೀನ್ಯಾದಿಂದ ಬಂದವರಿದ್ದರು, ಪಂಜಾಬ್, ಗುಜರಾತ್, ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್‌ನಿಂದ ನೇರವಾಗಿ ಬಂದವರಿದ್ದರು. ಆಫ್ರಿಕಾದಿಂದ ಬಂದವರಲ್ಲಿ ಎಷ್ಟೋ ಜನಕ್ಕೆ ವ್ಯಾಪಾರ ಮೊದಲೇ ಗೊತ್ತಿತ್ತು. ಉಳಿದವರಿಗೆ ಕಾರ್ಖಾನೆ ಕೆಲಸ ಇತ್ತು, ಆದರೆ ಕಾರ್ಖಾನೆಗಳೇ ಒಂದೊಂದಾಗಿ ಮುಚ್ಚಿದವು. ಓದಿದ್ದರೂ ಕಚೇರಿಗಳಲ್ಲಿ ಒಳಗೆ ಬಿಟ್ಟುಕೊಳ್ಳುವುದು ಕಷ್ಟ. ಅಂಗಡಿ ಹಾಕಿದರೆ ಯಾರೂ ಇಂಟರ್‌ವ್ಯೂ ಮಾಡುವುದಿಲ್ಲ. ವಯಸ್ಸಾದ ಇಂಗ್ಲಿಷ್ ದಂಪತಿ ಸಾಕಾಗಿ ಮಾರುತ್ತಿದ್ದ ಮೂಲೆ ಅಂಗಡಿಯನ್ನು ಕೊಂಡರು. ಕೆಳಗೆ ಅಂಗಡಿ, ಮೇಲೆ ಮನೆ. ಬೆಳಗಿನ ಜಾವ ಪೇಪರ್ ಕಟ್ಟು ಬಿಚ್ಚುವುದರಿಂದ ರಾತ್ರಿ ಗಲ್ಲಾ ಎಣಿಸುವವರೆಗೆ ಗಂಡ, ಹೆಂಡತಿ, ಸ್ಕೂಲಿಂದ ಬಂದ ಮಕ್ಕಳು ಎಲ್ಲರದ್ದೂ ದುಡಿಮೆ. ಹಾಲು, ಬ್ರೆಡ್, ಸಿಗರೇಟು, ಮಿಠಾಯಿ. ಬೇರೆಯವರು ಸಂಜೆ ಮುಚ್ಚಿದ ಮೇಲೂ ಇವರದ್ದು ತೆರೆದಿರುತ್ತಿತ್ತು.

ಅದೇ ಅವರನ್ನು ಕಣ್ಣಿಗೆ ಬೀಳುವ ಹಾಗೆ ಮಾಡಿತು. ಬಿಳಿಯರೇ ಇರುವ ನಾಲ್ಕಾರು ಬೀದಿಗೆ ಒಂದೇ ಒಂದು ಕಂದು ಮುಖ, ಅದೂ ಗಾಜಿನ ಹಿಂದೆ, ಲೈಟ್ ಹಾಕಿಕೊಂಡು, ರಾತ್ರಿ ಹತ್ತರವರೆಗೆ ಒಂದೇ ಜಾಗದಲ್ಲಿ. ಬಸ್ಸಿನಲ್ಲಿ ಬೈದರೆ ಇಳಿದು ಹೋಗಬಹುದು. ಅಂಗಡಿ ಬಿಟ್ಟು ಎಲ್ಲಿಗೆ ಹೋಗುತ್ತೀರಿ? ಯಾರು ಬಂದರೂ ಒಳಗೆ ಬಿಡಲೇಬೇಕು, ಅಂಗಡಿ ಅಂದಮೇಲೆ.

ಇಂಗ್ಲೆಂಡಿನ ಮನೆಬಾಗಿಲು ನೋಡಿದವರಿಗೆ ಗೊತ್ತಿರುತ್ತೆ. ಬಾಗಿಲಿನಲ್ಲೇ ಕಾಗದ ಹಾಕಲು ಒಂದು ಕಂಡಿ ಇರುತ್ತದೆ, ಮೇಲೊಂದು ಹಿತ್ತಾಳೆ ಮುಚ್ಚಳ. ಪೋಸ್ಟ್‌ಮ್ಯಾನ್ ಅದನ್ನು ಎತ್ತಿ ಕಾಗದ ಒಳಗೆ ತಳ್ಳುತ್ತಾನೆ. 70-80ರ ದಶಕದಲ್ಲಿ ಆ ಕಂಡಿಯಲ್ಲಿ ಹೇಸಿಗೆ ಹಾಕುತ್ತಿದ್ದರು, ಪೆಟ್ರೋಲ್ ಸುರಿದು ಕಡ್ಡಿ ಗೀರುತ್ತಿದ್ದರು. ಮೇಲೆ ಮಲಗಿರುವವರಿಗೆ ಇಳಿದು ಬರಲು ಇರುವುದು ಅದೇ ಬಾಗಿಲು, ಅದೇ ಮೆಟ್ಟಿಲು. ಎಷ್ಟೋ ಮನೆಗಳಲ್ಲಿ ಒಳಗಿನಿಂದ ಆ ಕಂಡಿಗೆ ಹಲಗೆ ಹೊಡೆದು ಮುಚ್ಚಿಬಿಟ್ಟರು. 1981ರ ಜುಲೈನಲ್ಲಿ ಹೀಗೆ ಯಾರೋ ಬೆಂಕಿ ಇಟ್ಟ ಮನೆಯೊಂದರಲ್ಲಿ ಒಬ್ಬ ತಾಯಿ ಮತ್ತು ಮೂವರು ಮಕ್ಕಳು ಸತ್ತರು. ಯಾರಿಗೂ ಶಿಕ್ಷೆ ಆಗಲಿಲ್ಲ. ಆ ಮನೆ ಇದ್ದದ್ದು ವಾಲ್ತಮ್‌ಸ್ಟೋದಲ್ಲಿ. 2024ರಲ್ಲಿ ಪ್ಲೈವುಡ್ ಹೊಡೆಸಿಕೊಂಡವರನ್ನು ನೋಡಿ, ಸುಮ್ನೆ ಹೆದರಿಕೊಂಡರು ಅಂದವರಿದ್ದಾರೆ. ಅದೇ ಪೇಟೆಯ ಹಳಬರು ಹಾಗೆ ಅಂದಿರಲಾರರು.

ಆಗಿನ ಪೊಲೀಸರ ಮಾತು ಬಹಳ ಸಲ ಒಂದೇ: ಇದು ಪುಂಡ ಹುಡುಗರ ಕೆಲಸ, ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೊನೆಗೆ 1981ರಲ್ಲಿ ಅಲ್ಲಿನ ಗೃಹ ಇಲಾಖೆಯೇ ಲೆಕ್ಕ ಹಾಕಿ ನೋಡಿತು. ಜನಾಂಗದ ಕಾರಣಕ್ಕೆ ದಾಳಿಗೆ ಸಿಕ್ಕುವ ಸಾಧ್ಯತೆ ಬಿಳಿಯರಿಗಿಂತ ಏಷ್ಯನ್ನರಿಗೆ 50 ಪಟ್ಟು, ಕಪ್ಪು ಜನರಿಗೆ 36 ಪಟ್ಟು ಹೆಚ್ಚು ಅಂತ ಬಂತು. ಪುಂಡರು ಅಷ್ಟು ಆರಿಸಿ ಆರಿಸಿ ಹೊಡೆಯುತ್ತಾರಾ?

ಈಗ ಬ್ರಿಕ್ ಲೇನ್‌ಗೆ ಬರೋಣ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾವು ಕಲಿಯಬೇಕಾದದ್ದು ಇಲ್ಲಿದೆ.

ಪೂರ್ವ ಲಂಡನ್ನಿನ ಈ ಬೀದಿಗೆ ವಲಸೆ ಬಂದವರು ಹೊಸಬರಲ್ಲ. ಅಲ್ಲೊಂದು ಕಟ್ಟಡ ಇದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು ಪ್ರಾರ್ಥನೆಗೆ ಕಟ್ಟಿಕೊಂಡದ್ದು. ಆಮೇಲೆ ಮೆಥಡಿಸ್ಟರ ಕೈಗೆ ಬಂತು, ಆಮೇಲೆ ಯೆಹೂದಿಗಳ ಸಿನಗಾಗ್ ಆಯಿತು, 1976ರಲ್ಲಿ ಮಸೀದಿ ಆಯಿತು. ಕಟ್ಟಡ ಒಂದೇ, ಬಂದವರು ಬೇರೆ ಬೇರೆ. 70ರ ದಶಕದಲ್ಲಿ ಅಲ್ಲಿ ಸಿಲ್ಹೆಟ್‌ನ ಬಂಗಾಳಿಗಳು. ಬಟ್ಟೆ ಹೊಲಿಯುವ, ಚರ್ಮದ ಕೋಟು ಹೊಲಿಯುವ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು, ದಿನಸಿ ಅಂಗಡಿಗಳು, ಊಟದ ಹೋಟೆಲುಗಳು.

1978ರ ಮೇ 4ರ ಸಂಜೆ. ಆಲ್ತಾಬ್ ಅಲಿ ಅನ್ನುವ ಇಪ್ಪತ್ತೈದರ ಆಸುಪಾಸಿನ ಗಾರ್ಮೆಂಟ್ ಕೆಲಸಗಾರ ಕೆಲಸ ಮುಗಿಸಿ ಮನೆಗೆ ಹೊರಟಿದ್ದ. ಆಡ್ಲರ್ ಸ್ಟ್ರೀಟ್‌ನಲ್ಲಿ ಮೂವರು ಹುಡುಗರು ಅವನನ್ನು ಇರಿದು ಕೊಂದರು. ಹತ್ತು ದಿನಕ್ಕೆ, ಮೇ 14ರಂದು, ಸುಮಾರು 7,000 ಜನ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ಮನೆಯವರೆಗೆ ನಡೆದರು. ಅಲ್ಲಿಯವರೆಗೆ ತಲೆ ತಗ್ಗಿಸಿ ನಡೆಯುತ್ತಾರೆ ಅಂತ ಹೆಸರಾಗಿದ್ದ ಜನ. ಅದಕ್ಕೆ ಉತ್ತರ ಬಂದದ್ದು ಜೂನ್ 11ರಂದು. ನೂರೈವತ್ತರಷ್ಟು ಯುವಕರು ಬ್ರಿಕ್ ಲೇನ್ ಉದ್ದಕ್ಕೂ ನುಗ್ಗಿ ಬಂಗಾಳಿಗಳ ಅಂಗಡಿ ಗಾಜುಗಳನ್ನು ಒಡೆದುಕೊಂಡು ಹೋದರು. ಭಾನುವಾರ, ಸಂತೆಯ ದಿನ.

ಭಾನುವಾರ ಅನ್ನುವುದು ಸುಮ್ನೆ ಹೇಳಿದ್ದಲ್ಲ. ಬ್ರಿಕ್ ಲೇನ್ ಬಂದು ಬೆಥ್ನಲ್ ಗ್ರೀನ್ ರೋಡನ್ನು ಸೇರುವ ಮೂಲೆ ಇದೆಯಲ್ಲ, ಪ್ರತಿ ಭಾನುವಾರ ಬೆಳಿಗ್ಗೆ ನ್ಯಾಷನಲ್ ಫ್ರಂಟ್‌ನವರು ಅಲ್ಲಿ ನಿಂತು ತಮ್ಮ ಪತ್ರಿಕೆ ಮಾರುತ್ತಿದ್ದರು. ಅದು ಅವರ ಜಾಗ ಅಂತಲೇ ಆಗಿತ್ತು. ಅಲ್ಲಿಂದ ಬೈಗುಳ ಶುರು, ಸಂತೆಗೆ ಬಂದವರನ್ನು ತಳ್ಳಾಡುವುದು ಶುರು, ಕೊನೆಗೆ ಅಂಗಡಿ ಮೇಲೆ ಕಲ್ಲು.

ಹಿರಿಯರು ಮನವಿ ಬರೆದರು, ನಿಯೋಗ ಹೋದರು. ತಪ್ಪು ಅನ್ನುವುದಿಲ್ಲ. ಆದರೆ ಹುಡುಗರು ಬೇರೆ ಲೆಕ್ಕ ಹಾಕಿದರು. ಒಡೆದ ಗಾಜನ್ನು ಎಷ್ಟು ಸಲ ಹಾಕಿಸುತ್ತೀರಿ, ಕಲ್ಲು ಹೊರಡುವ ಮೂಲೆಯನ್ನೇ ಹಿಡಿಯೋಣ ಅಂದರು. ಶನಿವಾರ ರಾತ್ರಿಯೇ ಹೋಗಿ ಆ ಮೂಲೆಯಲ್ಲಿ ಕೂತರು. ಬೆಳಿಗ್ಗೆ ಪತ್ರಿಕೆ ಕಟ್ಟು ಹಿಡಿದು ಬಂದವರಿಗೆ ನಿಲ್ಲಲು ಜಾಗ ಇರಲಿಲ್ಲ. ಬಿಳಿಯ ಎಡಪಂಥೀಯರು, ಯೂನಿಯನ್‌ನವರು ಜೊತೆಗೆ ಬಂದು ಕೂತರು. ಜುಲೈ 17ರ ಸೋಮವಾರ ಪೂರ್ವ ಲಂಡನ್ನಿನ ಬಂಗಾಳಿಗಳು ಒಂದು ದಿನದ ಮುಷ್ಕರ ಮಾಡಿದರು. ಹೊಲಿಗೆ ಯಂತ್ರ ನಿಂತವು, ಅಂಗಡಿ ಮುಚ್ಚಿದವು. ಜೂನ್‌ನಲ್ಲಿ ಅಂಗಡಿ ಮುಚ್ಚಿಸಿದ್ದು ಕಲ್ಲು. ಜುಲೈನಲ್ಲಿ ಮುಚ್ಚಿದ್ದು ಅವರೇ.

ಆಲ್ತಾಬ್ ಅಲಿ ಸತ್ತ ಜಾಗದ ಪಕ್ಕದ ಪಾರ್ಕಿಗೆ 1998ರಲ್ಲಿ ಅವನ ಹೆಸರಿಟ್ಟರು. ಮರುವರ್ಷವೇ, 1999ರ ಏಪ್ರಿಲ್ 24ರಂದು, ನವ ನಾಜಿಯೊಬ್ಬ ಮೊಳೆ ತುಂಬಿದ ಬಾಂಬ್ ಹಿಡಿದು ಬ್ರಿಕ್ ಲೇನ್‌ಗೆ ಬಂದ. ಸಂತೆ ಭಾನುವಾರ ಅಂತ ಗೊತ್ತಿಲ್ಲದೆ ಶನಿವಾರವೇ ಬಂದಿದ್ದ. ಅದಕ್ಕೇ ಹದಿಮೂರು ಜನಕ್ಕೆ ಗಾಯವಾಯಿತು, ಸಾವಾಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ ಅನ್ನಲಿಕ್ಕೆ ಇದನ್ನು ಹೇಳಿದೆ.

ಸೌತ್‌ಹಾಲ್ ಕತೆಯನ್ನೂ ಮುಗಿಸಿಬಿಡುತ್ತೇನೆ. ಆ ಸೋಮವಾರದ ಬಂದ್ ಶಾಂತವಾಗಿ ಶುರುವಾಯಿತು. ಸಂಜೆಗೆ ಸಾವಿರಾರು ಪೊಲೀಸರು ಪೇಟೆಯನ್ನು ಸುತ್ತುವರಿದಿದ್ದರು. ನ್ಯಾಷನಲ್ ಫ್ರಂಟ್‌ನವರನ್ನು ಕಾವಲಿಟ್ಟು ಒಳಗೆ ಕರೆದುಕೊಂಡು ಹೋದರು, ಪೇಟೆಯವರನ್ನು ಅಟ್ಟಾಡಿಸಿದರು. ಸುಮಾರು 700 ಜನರ ಬಂಧನ. ನ್ಯೂಜಿಲೆಂಡಿನಿಂದ ಬಂದು ಲಂಡನ್ನಿನಲ್ಲಿ ಮೇಷ್ಟ್ರಾಗಿದ್ದ ಬ್ಲೇರ್ ಪೀಚ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಆ ಪೆಟ್ಟು ಹೊಡೆದದ್ದು ಬಹುತೇಕ ಖಚಿತವಾಗಿ ಪೊಲೀಸರೊಬ್ಬರೇ ಅಂತ ಪೊಲೀಸ್ ಇಲಾಖೆಯ ಒಳ ತನಿಖೆಯೇ ಹೇಳಿತ್ತು. ಆ ವರದಿ ಹೊರಗೆ ಬಂದದ್ದು 2010ರಲ್ಲಿ, 31 ವರ್ಷ ಆದಮೇಲೆ. ಶಟರ್ ನಮ್ಮ ಕೈಯಲ್ಲಿ ಇಟ್ಟುಕೊಳ್ಳುವುದಕ್ಕೂ ಬೆಲೆ ಇದೆ.

ಅಂಗಡಿ ಕಾಯುವುದಕ್ಕೂ ಅಷ್ಟೇ. 2011ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಲೂಟಿ ನಡೆಯಿತು. ಅದರ ಕಾರಣವೇ ಬೇರೆ, ಆದರೂ ಇಲ್ಲಿ ಹೇಳಬೇಕು. ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್‌ನಲ್ಲಿ ತಮ್ಮ ಬೀದಿಯ ಅಂಗಡಿಗಳನ್ನು ಕಾಯುತ್ತಾ ನಿಂತಿದ್ದ ಮೂವರು ಮುಸ್ಲಿಂ ಯುವಕರ ಮೇಲೆ ಕಾರು ಹರಿಯಿತು. ಮೂವರೂ ಸತ್ತರು. ಊರಿನಲ್ಲಿ ಏಷ್ಯನ್ನರಿಗೂ ಕಪ್ಪು ಜನರಿಗೂ ಹೊಡೆದಾಟವೇ ಆಗಿಬಿಡುತ್ತದೆ ಅನ್ನುವ ಸ್ಥಿತಿ. ಸತ್ತವರಲ್ಲಿ ಒಬ್ಬನ ತಂದೆ ತಾರಿಕ್ ಜಹಾನ್ ಮರುದಿನ ಬೀದಿಯಲ್ಲಿ ನಿಂತು ಎಲ್ಲರೂ ಮನೆಗೆ ಹೋಗಿ ಅಂತ ಕೇಳಿಕೊಂಡರು. ಜನ ಹೋದರು. ಮಗನನ್ನು ಕಳೆದುಕೊಂಡ ಅಪ್ಪನಿಂದ ಇಂಥ ಮಾತನ್ನು ನಿರೀಕ್ಷಿಸುವ ಹಕ್ಕು ಯಾರಿಗೂ ಇರಲಿಲ್ಲ.

ಇನ್ನು 2024. ಜುಲೈ 29ರಂದು ಸೌತ್‌ಪೋರ್ಟ್‌ನ ಮಕ್ಕಳ ಡ್ಯಾನ್ಸ್ ಕ್ಲಾಸಿಗೆ ಒಬ್ಬ ಹುಡುಗ ಚಾಕು ಹಿಡಿದು ನುಗ್ಗಿ ಮೂವರು ಪುಟ್ಟ ಹುಡುಗಿಯರನ್ನು ಕೊಂದ. ಗಂಟೆಗಳೊಳಗೆ ಫೋನುಗಳಲ್ಲಿ ಒಂದು ಸುಳ್ಳು ಹೆಸರು ಹರಿದಾಡಿತು. ಮುಸ್ಲಿಂ, ದೋಣಿಯಲ್ಲಿ ಆಶ್ರಯ ಕೇಳಿ ಬಂದವನು ಅಂತ. ಹುಡುಗ ಹುಟ್ಟಿದ್ದು ಬ್ರಿಟನ್ನಿನ ಕಾರ್ಡಿಫ್‌ನಲ್ಲೇ. ಆದರೆ ನಿಜ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಸುಳ್ಳು ಊರು ಸುತ್ತಿ ಬಂದಿತ್ತು. ಮರುದಿನ ಸಂಜೆ ಅಲ್ಲಿನ ಮಸೀದಿಯ ಮೇಲೆ ಗುಂಪು ಬಿತ್ತು, ಐವತ್ತಕ್ಕೂ ಹೆಚ್ಚು ಪೊಲೀಸರಿಗೆ ಪೆಟ್ಟಾಯಿತು. ಹತ್ತಿರದ ಮೂಲೆ ಅಂಗಡಿಯೊಂದನ್ನು ಲೂಟಿ ಮಾಡಿದರು. ಶ್ರೀಲಂಕಾ ಮೂಲದವರ ಅಂಗಡಿ ಅದು. ಮಸೀದಿಗೂ ಅವರಿಗೂ ಏನು ಸಂಬಂಧ ಅಂತ ಕೇಳಬೇಡಿ.

ಜುಲೈ 31ರ ಬೆಳಿಗ್ಗೆ ಊರಿನವರು ಪೊರಕೆ, ಸಲಿಕೆ ಹಿಡಿದು ಬಂದರು. ಗಾರೆ ಕೆಲಸದವರು ಬಂದು ಮಸೀದಿಯ ಒಡೆದ ಗೋಡೆಯನ್ನು ಇಟ್ಟಿಗೆ ಇಟ್ಟು ಕಟ್ಟಿದರು. ಅಂಗಡಿಯ ಗಾಜಿನ ಚೂರು ಗುಡಿಸಿದರು. ಲಿವರ್‌ಪೂಲ್‌ನ ಒಂದು ಮಸೀದಿಯ ಇಮಾಮರು ಎದುರಿಗೆ ಕೂಗುತ್ತಿದ್ದವರಿಗೆ ತಾವೇ ಹೋಗಿ ಊಟ ಕೊಟ್ಟರು. ಈ ಫೋಟೊಗಳನ್ನು ನೀವೂ ನೋಡಿರುತ್ತೀರಿ. ನನಗೂ ಕಣ್ಣು ತುಂಬಿತು. ಆದರೂ ಒಂದು ಮಾತು ಹೇಳಲೇಬೇಕು. ಪೊರಕೆ ಮರುದಿನದ ಕೆಲಸ. ಬೆಲ್‌ಫಾಸ್ಟ್‌ನಲ್ಲಿ ಆಗಸ್ಟ್ 3ರಂದು ಡೊನೆಗಲ್ ರೋಡಿನಲ್ಲಿ ಸಿರಿಯಾದವರೊಬ್ಬರ ದಿನಸಿ ಅಂಗಡಿಗೆ ಬೆಂಕಿ ಇಟ್ಟರು. ಎರಡು ದಿನ ಬಿಟ್ಟು ಅದೇ ಅಂಗಡಿಗೆ ಮತ್ತೆ ಬಂದರು. ಪೊರಕೆಗೂ ಪೊರಕೆಗೂ ನಡುವಿನ ಆ ಎರಡು ರಾತ್ರಿ ಯಾರು ಅಲ್ಲಿದ್ದರು ಅನ್ನುವುದು ಮುಖ್ಯ.

ಬಲಪಂಥೀಯರಲ್ಲಿ ಎಲ್ಲರೂ ದಾಳಿಕೋರರು, ಈ ಕಡೆ ಎಲ್ಲರೂ ಸಾಧುಗಳು ಅಂತಲೂ ಇಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಆಗಸ್ಟ್ 5ರಂದು ದಾಳಿಗೆ ಬರುತ್ತಾರೆ ಅನ್ನುವ ಗಾಳಿಸುದ್ದಿ ಕೇಳಿ ಸೇರಿದ ಮುಸ್ಲಿಂ ಯುವಕರಲ್ಲಿ ಕೆಲವರು ಒಂದು ಪಬ್ ಮೇಲೆ ಬಿದ್ದರು, ಒಬ್ಬನನ್ನು ಹೊಡೆದರು. ಅವರಿಗೂ ಕೇಸಾಯಿತು. ಆಗಬೇಕಾದದ್ದೇ.

ಆಗಸ್ಟ್ 7ರ ಸಂಜೆಗೆ ವಾಪಸ್ ಬರುತ್ತೇನೆ. ವಲಸೆ ವಿಷಯದ ವಕೀಲರ ಕಚೇರಿಗಳ ಪಟ್ಟಿಯೊಂದು ಹರಡಿತ್ತು, ಅಲ್ಲೆಲ್ಲ ದಾಳಿ ಅಂತ. ವಾಲ್ತಮ್‌ಸ್ಟೋದ ಹೋ ಸ್ಟ್ರೀಟ್‌ನಲ್ಲಿ ಮುಚ್ಚಿದ ಅಂಗಡಿಗಳ ಮುಂದೆ ಸಾವಿರಾರು ಜನ ಬಂದು ನಿಂತರು. ಬ್ರೈಟನ್, ಬ್ರಿಸ್ಟಲ್, ಲಿವರ್‌ಪೂಲ್, ಶೆಫೀಲ್ಡ್‌ನಲ್ಲೂ ಹಾಗೇ. ದಾಳಿಗೆ ಬಂದವರು ಬೆರಳೆಣಿಕೆ, ಹೆಚ್ಚಿನ ಕಡೆ ಬರಲೇ ಇಲ್ಲ. ಬಾರದವರ ಎದುರು ಗೆಲ್ಲುವುದೇನು ದೊಡ್ಡದು ಅಂತ ಕೆಲವರು ಬರೆದರು. ನಾನು ಒಪ್ಪುವುದಿಲ್ಲ. ಬಾರದೆ ಇದ್ದದ್ದಕ್ಕೆ ಒಂದು ಕಾರಣ ಇವರು ಬಂದದ್ದು, ಇನ್ನೊಂದು ಕೋರ್ಟುಗಳು ಅಷ್ಟರಲ್ಲೇ ಜೈಲು ಶಿಕ್ಷೆ ಕೊಡಲು ಶುರು ಮಾಡಿದ್ದು. ಆದರೆ ಪ್ಲೈವುಡ್ ಮಾತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಬೀದಿ ತುಂಬ ಜನ ಪರವಾಗಿ ನಿಂತಿದ್ದರೂ ಅಂಗಡಿಯವರಿಗೆ ಅವತ್ತು ತೆಗೆಯಲು ಧೈರ್ಯ ಬರಲಿಲ್ಲ. ಅವತ್ತಿನ ಶಟರ್ ಅವರ ಕೈಯಲ್ಲಿ ಇರಲಿಲ್ಲ.

ಆ ವಾರ ನನಗೆ ಒಂದು ವಾಟ್ಸಾಪ್ ಮೆಸೇಜ್ ಬಂತು. ಅಲ್ಲಿರುವ ನಮ್ಮ ಹೆಣ್ಣುಮಕ್ಕಳು ಹಣೆಗೆ ಕುಂಕುಮ ಇಟ್ಟುಕೊಂಡು ಓಡಾಡಲಿ, ಮುಸ್ಲಿಮರಲ್ಲ ಅಂತ ಗೊತ್ತಾದರೆ ಏನೂ ಮಾಡುವುದಿಲ್ಲ ಅಂತ. ಕಳಿಸಿದವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ಆದರೆ 1987ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಭಾರತೀಯರನ್ನು ಹುಡುಕಿ ಹೊಡೆಯುತ್ತಿದ್ದ ಗುಂಪೊಂದಿತ್ತು. ಡಾಟ್‌ಬಸ್ಟರ್ಸ್ ಅಂತ ಹೆಸರಿಟ್ಟುಕೊಂಡಿದ್ದರು. ಆ ಡಾಟ್ ಅಂದರೆ ಹಣೆಯ ಕುಂಕುಮವೇ. ಅದೇ ವರ್ಷ ಪಕ್ಕದ ಹೊಬೊಕನ್‌ನಲ್ಲಿ ಹುಡುಗರ ಗುಂಪು ನವ್ರೋಜ್ ಮೋದಿ ಅನ್ನುವವರನ್ನು ಹೊಡೆದು ಕೊಂದಿತು. ಅವರು ಪಾರ್ಸಿ. 2001ರ ಸೆಪ್ಟೆಂಬರ್ 15ರಂದು ಅರಿಝೋನಾದ ಮೇಸಾದಲ್ಲಿ ತಮ್ಮ ಪೆಟ್ರೋಲ್ ಬಂಕಿನ ಮುಂದೆ ಗುಂಡಿಗೆ ಬಲಿಯಾದ ಬಲ್ಬೀರ್ ಸಿಂಗ್ ಸೋಧಿ ಸಿಖ್. ಕೊಂದವನು ಅವರ ಪಗಡಿ ನೋಡಿ ಅರಬರು ಅಂದುಕೊಂಡ. 2025ರ ಜೂನ್‌ನಲ್ಲಿ ಉತ್ತರ ಐರ್ಲೆಂಡಿನ ಬ್ಯಾಲಿಮೀನಾದಲ್ಲಿ ಪರದೇಶದವರ ಮನೆಗಳಿಗೆ ಬೆಂಕಿ ಬಿದ್ದಾಗ ಕೆಲವರು ಬಾಗಿಲಿಗೆ ಚೀಟಿ ಅಂಟಿಸಿದರು, ಇಲ್ಲಿರುವುದು ಫಿಲಿಪ್ಪೀನ್ಸ್‌ನವರು ಅಂತ. ಪಕ್ಕದ ಮನೆಗೆ ಹೋಗಿ ಅಂತಲೇ ಅದರ ಅರ್ಥ ಅಲ್ವಾ? ಹೆದರಿದವರನ್ನು ನಾನು ಬೈಯುವುದಿಲ್ಲ. ಆದರೆ ಗುರುತು ನೋಡಿ ಹೊಡೆಯುವವರಿಗೆ ಗುರುತು ಓದಲು ಬರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: "ಇದೆಲ್ಲ ಅಲ್ಲಿಯ ಕತೆ. ನಮ್ಮಲ್ಲಿ ಹೀಗೆಲ್ಲ ಇಲ್ಲ ಅಲ್ವಾ?"

ಇದೆ ಸಾರ್ ಅಂದೆ. 2012ರ ಆಗಸ್ಟ್‌ನಲ್ಲಿ ಬರೀ ಎಸ್ಸೆಮ್ಮೆಸ್ ಸುದ್ದಿ ನಂಬಿ ಬೆಂಗಳೂರಿನಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಯಾರೂ ಅಂಗಡಿ ಒಡೆದಿರಲಿಲ್ಲ, ಸುದ್ದಿಯೇ ಸಾಕಾಯಿತು. 2016ರ ಸೆಪ್ಟೆಂಬರ್‌ನ ಕಾವೇರಿ ಗಲಾಟೆಯಲ್ಲಿ ಅದೇ ಊರಿನಲ್ಲಿ ತಮಿಳುನಾಡು ನಂಬರಿನ ಬಸ್ಸುಗಳು ಸಾಲಾಗಿ ಸುಟ್ಟವು, ತಮಿಳರ ಹೋಟೆಲು, ಅಂಗಡಿಗಳಿಗೂ ಕಲ್ಲು ಬಿತ್ತು. ನೀರಿನ ಜಗಳ ನ್ಯಾಯದ್ದೇ ಇರಬಹುದು. ಇಡ್ಲಿ ಮಾರುವವನು ಕಾವೇರಿ ನೀರನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದ? ಸಭೆಯಲ್ಲಿ ಒಂದಿಬ್ಬರಿಗೆ ಇದು ಹಿಡಿಸಲಿಲ್ಲ. ಹಿಡಿಸಬೇಕಾಗಿಯೂ ಇಲ್ಲ.

ಇನ್ನೊಬ್ಬರ ತಂಗಿ, ಬಾವ ಇಂಗ್ಲೆಂಡಿನಲ್ಲಿ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿದ್ದಾರಂತೆ. ಅವರಿಗೆ ಏನು ಹೇಳಲಿ ಅಂತ ಕೇಳಿದರು.

ಧೈರ್ಯದ ಮಾತು ಹೇಳಲು ನಾನು ಯಾರು? ಲೆಕ್ಕದ ಮಾತು ಹೇಳಿದೆ. 1886ರ ಫೆಬ್ರುವರಿಯಲ್ಲಿ ಲಂಡನ್ನಿನ ನಿರುದ್ಯೋಗಿಗಳು ಶ್ರೀಮಂತರ ಕ್ಲಬ್ಬುಗಳ ಕಿಟಕಿ ಒಡೆದರು. ಅದೇ ವರ್ಷ, ಗಲಭೆಯಲ್ಲಿ ಆಸ್ತಿ ಹೋದರೆ ಪೊಲೀಸ್ ನಿಧಿಯಿಂದ ಪರಿಹಾರ ಕೊಡಬೇಕು ಅನ್ನುವ ಕಾನೂನು ಬಂತು. ಸಾಹುಕಾರರ ಗಾಜಿಗೆ ಬಂದ ಕಾನೂನು ಈಗ ಬಡ ಅಂಗಡಿಯವನ ನೆರವಿಗೂ ಬರುತ್ತದೆ. 2016ರಲ್ಲಿ ಅದನ್ನು ಹೊಸದಾಗಿ ಬರೆದಿದ್ದಾರೆ. ಇನ್ಶೂರೆನ್ಸ್ ಇಲ್ಲದಿದ್ದರೂ ಪರಿಹಾರ ಕೇಳಬಹುದು, ಗರಿಷ್ಠ 10 ಲಕ್ಷ ಪೌಂಡ್. ಆದರೆ ಅಂಗಡಿ ಮುಚ್ಚಿದ್ದ ದಿನಗಳ ವ್ಯಾಪಾರ ನಷ್ಟಕ್ಕೆ ಕೊಡುವುದಿಲ್ಲ. ಇನ್ನೊಂದು ತಮಾಷೆ ಇದೆ. ಇಂಗ್ಲೆಂಡಿನಲ್ಲಿ ಗಲಭೆ ಅನ್ನಿಸಿಕೊಳ್ಳಲು ಕನಿಷ್ಠ 12 ಜನ ಬೇಕು. ಹನ್ನೊಂದು ಜನ ಬಂದು ನಿಮ್ಮ ಅಂಗಡಿ ಪುಡಿ ಮಾಡಿದರೆ ಈ ಕಾನೂನಿನಲ್ಲಿ ಅದು ಗಲಭೆ ಅಲ್ಲ. ಉತ್ತರ ಐರ್ಲೆಂಡಿನ ಕಾನೂನಿನಲ್ಲಿ ಮೂವರಿದ್ದರೆ ಸಾಕು.

ಪೊಲೀಸರಿಗೆ ದೂರು ಕೊಡುವಾಗ, ಇದು ಜನಾಂಗದ ಕಾರಣಕ್ಕೆ ಆದದ್ದು ಅಂತ ಬಾಯಿಬಿಟ್ಟು ಹೇಳಲು ತಿಳಿಸಿ ಅಂದೆ. ಹಾಗೆ ಅನ್ನಿಸಿದರೆ ಹಾಗೇ ದಾಖಲು ಮಾಡಿಕೊಳ್ಳಬೇಕು ಅನ್ನುವುದು 1999ರಿಂದ ಬಂದಿರುವ ಪದ್ಧತಿ. ಸ್ಟೀಫನ್ ಲಾರೆನ್ಸ್ ಅನ್ನುವ ಕಪ್ಪು ಹುಡುಗನ ಕೊಲೆಯ ತನಿಖೆ ಹೇಗೆ ಕೆಟ್ಟಿತು ಅಂತ ನೋಡಿದ ಆಯೋಗ ಅದನ್ನು ಹೇಳಿತು. ಆ ಹುಡುಗನ ಅಪ್ಪ ಅಮ್ಮ ವರ್ಷಗಟ್ಟಲೆ ಪಟ್ಟು ಹಿಡಿದದ್ದಕ್ಕೆ ಆಯೋಗ ಕೂತದ್ದು.

ಅವರು ಬರೆದುಕೊಳ್ಳುತ್ತಿದ್ದರು. ಗಡುವು ಎಷ್ಟು ಅಂತ ಕೇಳಿದರು. ಗಲಭೆ ಮುಗಿದ 42 ದಿನದೊಳಗೆ ಅರ್ಜಿ ಹಾಕಬೇಕು, ಆಮೇಲೆ ದಾಖಲೆ ಕೊಡಲು ಇನ್ನೂ 90 ದಿನ ಸಿಗುತ್ತದೆ ಅಂದೆ. ಸ್ಟಾಕಿನ ಬಿಲ್ಲುಗಳನ್ನು ಅಂಗಡಿಯಲ್ಲೇ ಇಟ್ಟರೆ ಅಂಗಡಿಯ ಜೊತೆ ಅವೂ ಸುಡುತ್ತವೆ, ಪ್ರತಿ ತಿಂಗಳು ಫೋಟೊ ತೆಗೆದು ನಿಮ್ಮ ಫೋನಿಗೆ ಕಳಿಸಿಡಲು ಹೇಳಿ ಅಂದೆ.